'ತೊತ್ತೊ-ಚಾನ್' ಮಕ್ಕಳ ಕೈಗೆ ಕೊಡಬಹುದೇ?

ಹಿರೇಕೊಟ್ನೆಕಲ್‌ನ ನಮ್ಮ ಮನೆಯಲ್ಲಿ ಕಳೆದ ವಾರ ಒಂದು ಪಂಚಾಯಿತಿ ನಡೆಯಿತು. ಐದನೇ ತರಗತಿಯ ಮೊಮ್ಮಗಳು ಪುಸ್ತಕವೊಂದನ್ನು ತಂದು ನನ್ನ ತೊಡೆಯ ಮೇಲಿಟ್ಟಳು. "ತಾತಾ, ಇದರಾಗ ಯುದ್ಧ ಐತಂತ. ಅವ್ವ ಓದಬ್ಯಾಡ ಅಂತಾಳ. ನೀನ ಓದಿ ಹೇಳು."

ಸೊಸೆಯ ಭಯಕ್ಕೆ ಕಾರಣವಿತ್ತು. ಮೂರು ತಿಂಗಳ ಹಿಂದೆ ನನ್ನಾಕೆ ತೀರಿಕೊಂಡಳು. ಅಂದಿನಿಂದ ಹುಡುಗಿ ರಾತ್ರಿ ದೀಪ ಆರಿಸಲು ಬಿಡುವುದಿಲ್ಲ.

ಪುಸ್ತಕ 'ತೊತ್ತೊ-ಚಾನ್'. ಜಪಾನಿನ ತೆತ್ಸುಕೊ ಕುರೊಯಾನಗಿ ಬರೆದದ್ದು. 1981ರಲ್ಲಿ ಅಲ್ಲಿ ಬಂತು, ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡಕ್ಕೂ ತಂದಿದೆ. ಕಾದಂಬರಿಯಂತೆ ಓದಿಸಿಕೊಂಡರೂ ಲೇಖಕಿಯ ಸ್ವಂತ ಬಾಲ್ಯದ ಕಥೆ. ಒಂದನೇ ತರಗತಿಯಲ್ಲೇ ಶಾಲೆಯಿಂದ ಹೊರಬಿದ್ದ ತುಂಟಿ ತೊಮೊಎ ಎಂಬ ಶಾಲೆ ಸೇರುತ್ತಾಳೆ. ಅಲ್ಲಿ ಹಳೆಯ ರೈಲು ಡಬ್ಬಿಗಳೇ ತರಗತಿಗಳು. ಹೆಡ್ ಮಾಸ್ತರು ಕೊಬಾಯಾಶಿ ಮೊದಲ ದಿನ ಅವಳ ಮಾತನ್ನು ನಾಲ್ಕು ತಾಸು ಕೇಳುತ್ತಾರೆ. ನಾನೂ ಮಾಸ್ತರಿಕೆ ಮಾಡಿದವನೇ. ಒಂದು ಮಗುವಿನ ಮಾತನ್ನು ನಾಲ್ಕು ನಿಮಿಷ ಕೂತು ಕೇಳಿದ ನೆನಪಿಲ್ಲ.

ಯುದ್ಧ ಇದೆ, ಆದರೆ ಯುದ್ಧಭೂಮಿಯ ವರ್ಣನೆ ಇಲ್ಲ. ಒಂದೊಂದೇ ಮಾಯವಾಗುತ್ತಾ ಹೋಗುತ್ತದೆ. ಸ್ಟೇಷನ್ನಿನ ಮಿಠಾಯಿ ಯಂತ್ರಕ್ಕೆ ಕಾಸು ಹಾಕಿದರೆ ಮಿಠಾಯಿ ಬೀಳುವುದಿಲ್ಲ. ಶಾಲೆಯ ಜವಾನನನ್ನು ಸೈನ್ಯಕ್ಕೆ ಕರೆಯುತ್ತಾರೆ. ನಾಯಿ ರಾಕಿ ಕಾಣೆಯಾಗುತ್ತದೆ. ಯುದ್ಧದ ಹಾಡು ನುಡಿಸಿದರೆ ಅಕ್ಕಿ, ಸಕ್ಕರೆ ಸಿಗುತ್ತದೆಂದು ಗೊತ್ತಿದ್ದರೂ ಪಿಟೀಲು ನುಡಿಸುವ ಅಪ್ಪ ಒಲ್ಲೆ ಎನ್ನುತ್ತಾನೆ. 1945ರಲ್ಲಿ ಅಮೆರಿಕದ ವಿಮಾನಗಳು ಹಾಕಿದ ಬಾಂಬಿಗೆ ಶಾಲೆಯೇ ಸುಟ್ಟುಹೋಗುತ್ತದೆ. ಬೆಂಕಿ ನೋಡುತ್ತಾ ನಿಂತ ಮಾಸ್ತರು, ಮುಂದಿನ ಶಾಲೆ ಎಂಥದು ಕಟ್ಟೋಣ ಎಂದು ಮಗನನ್ನು ಕೇಳುತ್ತಾರೆ.

ಹಿರಿಯರು ತಡವರಿಸುವ ಪುಟಗಳು ಬೇರೆಯೇ ಇವೆ. ಮಕ್ಕಳೆಲ್ಲ ಬಟ್ಟೆಯಿಲ್ಲದೆ ಈಜುವ ಪ್ರಸಂಗಕ್ಕೆ ನಮ್ಮ ಹುಡುಗರು ಕಿಸಕ್ಕನೆ ನಗುತ್ತಾರೆ, ನಗಲಿ ಬಿಡಿ. ಅಂಗವಿಕಲ ಮಕ್ಕಳು ತಮ್ಮ ದೇಹಕ್ಕೆ ನಾಚಬಾರದೆಂಬುದು ಮಾಸ್ತರ ಯೋಚನೆ. ಮಾಸಾವೊ ಎಂಬ ಹುಡುಗ ತೊತ್ತೊಳನ್ನು 'ಕೊರಿಯನ್' ಎಂದು ಬೈಯುತ್ತಾನೆ. ಕೊರಿಯದವನು ಅವನೇ. ಊರವರು ತನ್ನನ್ನು ಹಾಗೆ ಕರೆದೂ ಕರೆದೂ, ಪಾಪ, ಅದು ಬೈಗುಳವೆಂದೇ ತಿಳಿದಿದ್ದಾನೆ. ಒಂದು ಜನದ ಹೆಸರನ್ನೇ ಬೈಗುಳ ಮಾಡುವುದು ನಮ್ಮ ಓಣಿಗಳಿಗೂ ಗೊತ್ತು. ಈ ಪುಟವನ್ನು ಎರಡು ಸಲ ಓದಿಸಿ.

ನನ್ನ ಬೆರಳು ನಿಂತದ್ದು ಯಾಸುವಾಕಿಯ ಪುಟದಲ್ಲಿ. ಪೋಲಿಯೋ ಆದ ಗೆಳೆಯ. ತೊತ್ತೊ ಅವನನ್ನು ಎಳೆದೆಳೆದು ಮರ ಹತ್ತಿಸಿರುತ್ತಾಳೆ. ಒಂದು ಬೆಳಿಗ್ಗೆ ಅವನಿಲ್ಲ ಎಂಬ ಸುದ್ದಿ. ಅವನನ್ನು ಕೊಂದದ್ದು ಯುದ್ಧವಲ್ಲ. ಈ ನಾಲ್ಕು ಪುಟ ಹಾರಿಸಿ ಓದಿಬಿಡಲೇ ಎಂದುಕೊಂಡೆ. ಮನಸ್ಸು ಒಪ್ಪಲಿಲ್ಲ. ಸೊಸೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಜೋರಾಗಿ ಓದಿದೆ.

ಹುಡುಗಿ ಅಳಲಿಲ್ಲ. "ಅವ ಓದಾಕ ಕೊಟ್ಟಿದ್ದ ಪುಸ್ತಕ ಈಗ ಯಾರಿಗೆ ವಾಪಸ್ ಕೊಡಬೇಕು?" ಎಂದಳು. ತೊತ್ತೊ ಕೂಡ ಅದನ್ನೇ ಯೋಚಿಸುತ್ತಾಳೆ. ಆಮೇಲೆ ಎದ್ದುಹೋಗಿ, ಟ್ರಂಕಿನಿಂದ ಅಜ್ಜಿಯ ಚಾಳೀಸು ತಂದು, "ಇದು ನನ್ನ ಹತ್ರ ಇರಲಿ?" ಎಂದಳು. ಸೊಸೆ ಸೆರಗಿನಿಂದ ಅದರ ಗಾಜು ಒರೆಸಿಕೊಟ್ಟಳು.

ಒಂಬತ್ತು ದಾಟಿದ ಮಕ್ಕಳಿಗೆ ಧಾರಾಳವಾಗಿ ಕೊಡಿ. ಯಾಸುವಾಕಿಯ ಪುಟ ಬರುವ ಹೊತ್ತಿಗೆ ಮನೆಯಲ್ಲೇ ಇರಿ. ನಮ್ಮ ಮನೆಯ ದೀಪವೇನೋ ಇನ್ನೂ ಉರಿಯುತ್ತಲೇ ಇದೆ. ಅದರ ಬೆಳಕಿನಲ್ಲಿ ಅವಳು ಪುಸ್ತಕವನ್ನು ಮೊದಲಿನಿಂದ ಮತ್ತೆ ಓದುತ್ತಿದ್ದಾಳೆ.