ಅಪ್‌ಡೇಟ್ ಹಾಕಿದರೆ ಫೋಟೋಗಳೆಲ್ಲ ಅಳಿಸಿಹೋಗುತ್ತವೆಯೇ?

ಫೋನಿಗೆ ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ವಾಟ್ಸ್‌ಆಪ್ ಗುಂಪುಗಳಲ್ಲಿ ಒಂದೇ ಬಗೆಯ ಸಂದೇಶ ಓಡಾಡುತ್ತದೆ: ಇದನ್ನು ಹಾಕಿಕೊಳ್ಳಬೇಡಿ, ಗ್ಯಾಲರಿಯಲ್ಲಿರುವ ಫೋಟೋಗಳೆಲ್ಲ ಹೋಗುತ್ತವೆ, ನಿಮ್ಮವರಿಗೂ ತಿಳಿಸಿ. ಇದನ್ನು ನಂಬಿ ವರ್ಷಗಟ್ಟಲೆ ಅಪ್‌ಡೇಟ್ ಹಾಕದವರಿದ್ದಾರೆ. ಹಾಗೆ ಮಾಡಿದರೆ ಹೊಸ ಸೌಲಭ್ಯಗಳು ಮಾತ್ರವಲ್ಲ, ಸುರಕ್ಷತೆಯ ತೇಪೆಗಳೂ ತಪ್ಪಿಹೋಗುತ್ತವೆ. ಇನ್ನು ಕೆಲವರು ಸಂದೇಶವನ್ನು ನಕ್ಕು ಬದಿಗಿಟ್ಟು, ಯಾವ ಬ್ಯಾಕಪ್ಪೂ ಇಲ್ಲದೆ ಅಪ್‌ಡೇಟ್ ಒತ್ತಿ, ಮಗಳ ನಾಮಕರಣದ ಆಲ್ಬಮ್ ಎಲ್ಲಿ ಹೋಯಿತೆಂದು ಹುಡುಕುತ್ತ ಕೂರುತ್ತಾರೆ. ಹಾಗಾದರೆ ಆ ಸಂದೇಶ ನಿಜವೇ? ಬಹುಪಾಲು ಸುಳ್ಳು. ಆದರೆ ನಿಜವಾದ ಅಪಾಯ ಇರುವ ಕಡೆಗೆ ಅದು ಬೆರಳು ತೋರಿಸುವುದೇ ಇಲ್ಲ.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಫೋಟೋ ಬೇರೆ, ಫೋಟೋಗಳ ಪಟ್ಟಿ ಬೇರೆ. ಹೊಲ ಮತ್ತು ಪಹಣಿ ಇದ್ದಂತೆ. ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಬಂದಾಗ ಯಾರ ಹೊಲವೂ ಒಂದಡಿ ಆಚೀಚೆ ಸರಿಯಲಿಲ್ಲ. ಆದರೆ ಹೆಸರೋ ಸರ್ವೆ ನಂಬರೋ ತಪ್ಪಾಗಿ ಕೂತರೆ ಅದನ್ನು ಸರಿಪಡಿಸಲು ಎಷ್ಟು ಅಲೆಯಬೇಕು ಎಂಬುದು ಅಲೆದವರಿಗೇ ಗೊತ್ತು. ಫೋನಿನಲ್ಲೂ ಹೀಗೆಯೇ. ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳು ಸಾಮಾನ್ಯವಾಗಿ ಡಿಸಿಐಎಂ ಎಂಬ ಫೋಲ್ಡರಿನಲ್ಲಿ ಫೈಲುಗಳಾಗಿ ಕೂತಿರುತ್ತವೆ. ಯಾವ ಫೋಟೋ ಯಾವ ಆಲ್ಬಮ್ಮಿಗೆ ಸೇರಿದ್ದು, ಯಾವುದು ಮೆಚ್ಚಿನದು, ಯಾವ ಮುಖ ಯಾರದು ಎಂಬ ಲೆಕ್ಕವನ್ನು ಗ್ಯಾಲರಿ ಆಪ್ ಬೇರೊಂದು ಡೇಟಾಬೇಸ್‌ನಲ್ಲಿ ಇಟ್ಟುಕೊಳ್ಳುತ್ತದೆ. ನಾವು ಪರದೆಯ ಮೇಲೆ ನೋಡುವುದು ಆ ಲೆಕ್ಕ ತೋರಿಸಿದಷ್ಟನ್ನು ಮಾತ್ರ.

ಮಾಮೂಲಿ ಅಪ್‌ಡೇಟ್ ಬದಲಾಯಿಸುವುದು ಫೋನಿನ ವ್ಯವಸ್ಥೆಯನ್ನು. ನಮ್ಮ ಫೈಲುಗಳು ಇರುವುದು ಬೇರೆ ವಿಭಾಗದಲ್ಲಿ, ಅದರ ತಂಟೆಗೆ ಅದು ಹೋಗುವುದಿಲ್ಲ. ಆದರೆ ಹೊಸ ಆವೃತ್ತಿಯ ಆಪ್ ತನ್ನ ಪಟ್ಟಿಯನ್ನು ಎಷ್ಟೋ ಸಲ ಹೊಸದಾಗಿ ಬರೆಯಬೇಕಾಗುತ್ತದೆ. ಇಪ್ಪತ್ತು ಸಾವಿರ ಫೋಟೋ ಇರುವ ಫೋನಿನಲ್ಲಿ ಇದು ಐದು ನಿಮಿಷದ ಕೆಲಸವಲ್ಲ. ಅಲ್ಲಿಯವರೆಗೆ ಚಿತ್ರದ ಬದಲು ಬೂದು ಚೌಕಗಳು ಕಾಣಬಹುದು, ಹುಡುಕಿದ್ದು ಸಿಗದಿರಬಹುದು. ಐಫೋನ್ ಮುಖ ಗುರುತಿಸುವ ಕೆಲಸವನ್ನು ಚಾರ್ಜಿಗೆ ಹಾಕಿ ಲಾಕ್ ಮಾಡಿಟ್ಟಾಗ ಮಾಡುತ್ತದೆ. ಆದ್ದರಿಂದ ಒಂದೆರಡು ರಾತ್ರಿ ಚಾರ್ಜಿಗೆ ಹಾಕಿಟ್ಟು ಕಾಯುವುದೇ ಮೊದಲ ಮದ್ದು.

ನಿಜವಾದ ಹಾನಿ ಹೆಚ್ಚಾಗಿ ಆಗುವುದು ಗಾಬರಿಯಿಂದ. ಫೋಟೋ ಕಾಣುತ್ತಿಲ್ಲವೆಂದು ಅಂಗಡಿಗೆ ಹೋಗಿ ಹೊಸದಾಗಿ ಸಾಫ್ಟ್‌ವೇರ್ ಹಾಕಿಸಿದರೆ, ಅಥವಾ ಯಾರೋ ಹೇಳಿದರೆಂದು ಫ್ಯಾಕ್ಟರಿ ರೀಸೆಟ್ ಮಾಡಿದರೆ, ಅಲ್ಲಿಯವರೆಗೆ ಸುರಕ್ಷಿತವಾಗಿದ್ದ ಫೋಟೋಗಳು ಆಗ ಹೋಗುತ್ತವೆ. ಹೋದದ್ದನ್ನು ಮರಳಿ ತರುವ ಆಪ್‌ಗಳ ಲಿಂಕುಗಳೂ ಗುಂಪುಗಳಲ್ಲಿ ಬರುತ್ತವಲ್ಲ, ಅವುಗಳಿಂದಲೂ ಇಲ್ಲಿ ಉಪಯೋಗವಿಲ್ಲ. ಇತ್ತೀಚಿನ ಫೋನುಗಳಲ್ಲಿ ಮಾಹಿತಿಯೆಲ್ಲ ಗೂಢಲಿಪಿಯಲ್ಲಿರುತ್ತದೆ. ರೀಸೆಟ್ ಮಾಡಿದಾಗ ಅದನ್ನು ಬಿಡಿಸುವ ಕೀಲಿಯೇ ಅಳಿಯುತ್ತದೆ.

ಪಟ್ಟಿಗೂ ಫೈಲಿಗೂ ತಾಳೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2024ರ ಮೇ ತಿಂಗಳ ಒಂದು ಪ್ರಸಂಗವಿದೆ. ಆಗ ಬಂದ ಐಓಎಸ್ 17.5 ಅಪ್‌ಡೇಟ್ ಹಾಕಿಕೊಂಡ ಕೆಲವರಿಗೆ, ವರ್ಷಗಳ ಹಿಂದೆ ತಾವೇ ಅಳಿಸಿದ್ದ ಫೋಟೋಗಳು ಮತ್ತೆ ಕಾಣತೊಡಗಿದವು. ಕಂಪನಿ ನಮ್ಮ ಫೋಟೋಗಳನ್ನು ಎಲ್ಲೋ ಗುಟ್ಟಾಗಿ ಇಟ್ಟುಕೊಂಡಿದೆ ಎಂಬ ಅನುಮಾನ ಹಬ್ಬಿತು. ಒಂದೇ ವಾರದಲ್ಲಿ ಬಂದ 17.5.1 ಅದನ್ನು ಸರಿಪಡಿಸಿತು. ಡೇಟಾಬೇಸ್ ಕೆಟ್ಟಿದ್ದರಿಂದ ಹೀಗಾಯಿತು, ಇದು ಅಪರೂಪ ಎಂದು ಆಪಲ್ ತಿಳಿಸಿತು. ನಮ್ಮ ಹೋಲಿಕೆಯಲ್ಲಿ ಹೇಳುವುದಾದರೆ, ಪಹಣಿಯಿಂದ ಹೊಡೆದುಹಾಕಿದ್ದ ಹೊಲ ಅಲ್ಲೇ ಇತ್ತು. ಎಲ್ಲರೂ ಹೆದರುವುದು ಫೋಟೋ ಹೋಗುವುದಕ್ಕೆ. ಇಲ್ಲಿ ಆದದ್ದು ಅದರ ತದ್ವಿರುದ್ಧ.

ಹೊಸ ಸಾಫ್ಟ್‌ವೇರಿಗೆ ಹೋಗುವಾಗ ಹೆಚ್ಚಾಗಿ ಕಳೆದುಹೋಗುವುದು ಫೋಟೋ ಅಲ್ಲ, ಅದರ ಸುತ್ತ ನಾವು ವರ್ಷಗಳಿಂದ ಮಾಡಿಟ್ಟ ಕೆಲಸ. ಕಂಪ್ಯೂಟರಿನಲ್ಲಿ ಪಿಕಾಸಾ ಬಳಸುತ್ತಿದ್ದವರಿಗೆ ಇದು ನೆನಪಿರಬಹುದು. ಗೂಗಲ್ 2016ರ ಮಾರ್ಚ್‌ನಲ್ಲಿ ಅದಕ್ಕೆ ಬೆಂಬಲ ನಿಲ್ಲಿಸಿತು. ಪಿಕಾಸಾದಲ್ಲಿ ಬಣ್ಣ ತಿದ್ದಿದರೆ, ಸೇವ್ ಮಾಡುವ ತನಕ ಮೂಲ ಚಿತ್ರ ಬದಲಾಗುತ್ತಿರಲಿಲ್ಲ. ತಿದ್ದುಪಡಿ ಪಕ್ಕದ ಒಂದು ಚಿಕ್ಕ ಫೈಲಿನಲ್ಲಿ ಉಳಿಯುತ್ತಿತ್ತು. ಬೇರೆ ಆಪ್‌ಗಳಿಗೆ ಆ ಚಿಕ್ಕ ಫೈಲಿನ ಭಾಷೆ ತಿಳಿಯದು. ಫೋಟೋ ಬಂತು, ತಿದ್ದಿದ್ದು ಬರಲಿಲ್ಲ. ಇದಕ್ಕೆ ಒಂದು ವರ್ಷ ಮೊದಲು, 2015ರಲ್ಲಿ, ಆಪಲ್ ತನ್ನ ಐಫೋಟೋ ಬದಲು ಫೋಟೋಸ್ ಎಂಬ ಹೊಸ ತಂತ್ರಾಂಶ ತಂದಾಗ ಸಾಗಣೆ ಇದಕ್ಕಿಂತ ಚೊಕ್ಕವಾಗಿತ್ತು. ಆದರೂ ಫೋಟೋಗಳಿಗೆ ಕೊಟ್ಟಿದ್ದ ನಕ್ಷತ್ರಗಳೆಲ್ಲ ಬರೀ ಕೀವರ್ಡುಗಳಾದವು. ಹಳೆಯ, ಹೊಸ ಎರಡು ಲೈಬ್ರರಿಗಳನ್ನೂ ನೋಡಿದವರಿಗೆ ಡಿಸ್ಕಿನ ಜಾಗ ದುಪ್ಪಟ್ಟು ಖರ್ಚಾದಂತೆ ಕಾಣುತ್ತಿತ್ತು. ವಾಸ್ತವದಲ್ಲಿ ಚಿತ್ರ ಇದ್ದದ್ದು ಒಂದೇ, ಎರಡು ಪಟ್ಟಿಗಳೂ ಅದನ್ನೇ ತೋರಿಸುತ್ತಿದ್ದವು. ಜಾಗ ಉಳಿಸಲು ಹಳೆಯದನ್ನು ಅಳಿಸಿದವರಿಗೆ ಹೆಚ್ಚೇನೂ ಜಾಗ ಸಿಗಲಿಲ್ಲ!

ಫೋನ್ ಬಳಸುವವರಿಗೆ ಹೆಚ್ಚು ಕಾಡುವುದು ತಾರೀಖಿನ ಗೊಂದಲ. ಕ್ಯಾಮೆರಾದಲ್ಲಿ ತೆಗೆದ ಚಿತ್ರದ ಒಳಗೇ ಎಕ್ಸಿಫ್ ಎಂಬ ಟಿಪ್ಪಣಿ ಇರುತ್ತದೆ. ತೆಗೆದ ದಿನ, ಹೊತ್ತು, ಕೆಲವೊಮ್ಮೆ ಸ್ಥಳ ಕೂಡ ಅದರಲ್ಲಿರುತ್ತದೆ. ಚಿತ್ರ ಎಲ್ಲಿಗೆ ಹೋದರೂ ಇದು ಜೊತೆಗೇ ಹೋಗುತ್ತದೆ. ಆದರೆ ವಾಟ್ಸ್‌ಆಪ್‌ನಲ್ಲಿ ಫೋಟೋ ಆಗಿಯೇ ಕಳಿಸಿದರೆ ಗಾತ್ರ ಕುಗ್ಗುವುದರ ಜೊತೆಗೆ ಈ ಟಿಪ್ಪಣಿಯೂ ಉದುರಿಹೋಗುತ್ತದೆ. ಆಂಡ್ರಾಯ್ಡ್‌ನಲ್ಲಿ ಅಂಥ ಫೈಲಿನ ಹೆಸರಲ್ಲಿ ಒಂದು ತಾರೀಖು ಇರುತ್ತದೆ ನಿಜ, ಆದರೆ ಅದು ಚಿತ್ರ ತೆಗೆದ ದಿನವಲ್ಲ, ವಾಟ್ಸ್‌ಆಪ್‌ಗೆ ಬಂದ ದಿನ. ತಮ್ಮನ ಮದುವೆಯ ಫೋಟೋಗಳೆಲ್ಲ ಗುಂಪಿನಿಂದಲೇ ಬಂದವಾದರೆ, ಹೊಸ ಫೋನಿಗೆ ನಕಲು ಮಾಡಿದಾಗ ಅವು ನಕಲಿಸಿದ ದಿನದ ಕೆಳಗೆ ರಾಶಿ ಬೀಳಬಹುದು. ಕಳೆದುಹೋಯಿತು ಎಂದುಕೊಂಡ ಎಷ್ಟೋ ಫೋಟೋಗಳು ಹೀಗೆ ತಪ್ಪು ತಿಂಗಳಲ್ಲಿ ಕೂತಿರುತ್ತವೆ. ಅಸಲಿ ಚಿತ್ರ ಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಸ್ಕ್ಯಾನ್ ಮಾಡಿದ ಅಜ್ಜಿಯ ಚಿತ್ರಕ್ಕೆ ಗೂಗಲ್ ಫೋಟೋಸ್‌ನಲ್ಲಿ ಹಳೆಯ ತಾರೀಖು ಹಾಕಿದ್ದೀರಾ? ಟೇಕ್‌ಔಟ್ ಮೂಲಕ ಇಳಿಸಿಕೊಂಡಾಗ ಆ ತಾರೀಖು ಚಿತ್ರದೊಳಗಲ್ಲ, ಜೊತೆಗೆ ಬರುವ ಜೇಸನ್ ಎಂಬ ಪುಟ್ಟ ಫೈಲಿನಲ್ಲಿರುತ್ತದೆ. ಕಸವೆಂದು ಅದನ್ನು ಎಸೆಯಬೇಡಿ.

ಈಗ ಆ ಸಂದೇಶಗಳು ಹೇಳದ ಅಪಾಯಕ್ಕೆ ಬರೋಣ. ಎಲ್ಲವೂ ಗೂಗಲ್‌ನಲ್ಲಿದೆ ಎಂಬ ಧೈರ್ಯ ಬಹಳ ಜನರಿಗಿದೆ. ಗೂಗಲ್ ಫೋಟೋಸ್ ಮಿತಿಯಿಲ್ಲದ ಉಚಿತ ಜಾಗ ಕೊಡುವುದನ್ನು 2021ರ ಜೂನ್ 1ರಿಂದ ನಿಲ್ಲಿಸಿದೆ. ಉಚಿತವಾಗಿ ಸಿಗುವ 15 ಜಿಬಿಯಲ್ಲೇ ಜಿಮೇಲ್, ಡ್ರೈವ್, ಈಗ ಆಂಡ್ರಾಯ್ಡ್ ಫೋನಿನ ವಾಟ್ಸ್‌ಆಪ್ ಬ್ಯಾಕಪ್ ಕೂಡ ಹೊಂದಿಕೊಳ್ಳಬೇಕು. ಅದು ತುಂಬಿದ ದಿನದಿಂದ ಹೊಸ ಫೋಟೋಗಳು ಮೇಲೆ ಹೋಗುವುದಿಲ್ಲ. ಎಚ್ಚರಿಕೆ ಬರುತ್ತದೆ, ನಾವು ಅದನ್ನು ಬದಿಗೆ ಸರಿಸಿ ಮುಂದೆ ಹೋಗುತ್ತೇವೆ. ಇನ್ನೊಂದು ತಪ್ಪು ತಿಳಿವಳಿಕೆ, ಮೇಲೆ ಒಂದು ಪ್ರತಿ ಇದ್ದೇ ಇದೆಯೆಂದು ಆ ಆಪ್‌ನಲ್ಲೇ ಫೋಟೋ ಡಿಲೀಟ್ ಮಾಡುವುದು. ಬ್ಯಾಕಪ್ ಆದ ಫೋಟೋವನ್ನು ಅಲ್ಲಿ ಅಳಿಸಿದರೆ ಫೋನಿನಲ್ಲೂ ಅಳಿಯುತ್ತದೆ, ಮೇಲೂ ಅಳಿಯುತ್ತದೆ. ಕಸದಬುಟ್ಟಿಯಲ್ಲಿ 60 ದಿನ ಇದ್ದು ಆಮೇಲೆ ಹೋಗುತ್ತದೆ. ಫೋನಿನ ಜಾಗವನ್ನಷ್ಟೇ ಖಾಲಿ ಮಾಡಲು ಅದೇ ಆಪ್‌ನಲ್ಲಿ ಬೇರೆ ಆಯ್ಕೆ ಇದೆ. ಬ್ಯಾಕಪ್ ಆದವನ್ನು ಮಾತ್ರ ಅದು ಫೋನಿನಿಂದ ತೆಗೆಯುತ್ತದೆ.

ಹಾಗಾಗಿ ದೊಡ್ಡ ಅಪ್‌ಡೇಟಿಗೆ ಅಥವಾ ಹೊಸ ಫೋನಿಗೆ ಹೋಗುವ ಮೊದಲು, ಒಮ್ಮೆ ಕೇಬಲ್ ಹಾಕಿ ಎಲ್ಲವನ್ನೂ ಕಂಪ್ಯೂಟರಿಗೋ ಹಾರ್ಡ್‌ಡಿಸ್ಕಿಗೋ ನಕಲು ಮಾಡಿಕೊಳ್ಳಿ. ಐಫೋನಿನಲ್ಲಿ ಜಾಗ ಉಳಿಸುವ ಆಯ್ಕೆ ಚಾಲೂ ಇದ್ದರೆ ಅಸಲಿ ಚಿತ್ರಗಳು ಐಕ್ಲೌಡ್‌ನಲ್ಲಿ ಮಾತ್ರ ಇರಬಹುದು, ಮೊದಲು ಅವನ್ನು ಇಳಿಸಿಕೊಳ್ಳಬೇಕು. ನಕಲಾದ ಮೇಲೆ ತೀರ ಹಳೆಯದೊಂದು ಫೋಟೋ, ಒಂದು ಉದ್ದದ ವಿಡಿಯೋ, ವಾಟ್ಸ್‌ಆಪ್‌ನಿಂದ ಬಂದದ್ದೊಂದು, ಇಷ್ಟನ್ನಾದರೂ ನಕಲಿನಿಂದಲೇ ತೆರೆದು ನೋಡಿ. ಎಣಿಕೆಯನ್ನೂ ಹೋಲಿಸಿ. ನಕಲಿನಲ್ಲಿ ಸಂಖ್ಯೆ ಹೆಚ್ಚು ಬಂದರೆ ಚಿಂತೆಯಿಲ್ಲ. ಐಫೋನಿನ ಲೈವ್ ಫೋಟೋ ಹೊರಗೆ ಬಂದಾಗ ಒಂದು ಚಿತ್ರ, ಒಂದು ಪುಟ್ಟ ವಿಡಿಯೋ ಎಂದು ಎರಡಾಗುತ್ತದೆ. ಕಡಿಮೆ ಬಂದರೆ ಮಾತ್ರ, ಹಳೆಯ ಫೋನನ್ನು ಎಕ್ಸ್‌ಚೇಂಜಿಗೆ ಕೊಡುವುದನ್ನು ಸದ್ಯಕ್ಕೆ ಮುಂದೂಡಿ.