ಮೈಕ್ ಅಲ್ಲ ಸ್ವಾಮಿ, ಕೋಣೆ!

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಮನೆಗಳಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡೋದು 2020ರಿಂದೀಚೆಗೆ ಹೊಸ ವಿಷಯವೇನಲ್ಲ. ಆದರೆ ಊರಲ್ಲಿ ಕೂತವನ ದನಿ ಆ ಕಡೆಯವರಿಗೆ ಬಾವಿಯೊಳಗಿಂದ ಬಂದ ಹಾಗೆ ಕೇಳಿಸಿದರೆ? 'ಮೈಕ್ ಸರಿ ಇಲ್ಲ' ಅಂತ ಯಾರೂ ಅಂದುಕೊಳ್ಳಲ್ಲ, 'ಈ ಹುಡುಗನೇ ಅಷ್ಟಕ್ಕಷ್ಟೆ' ಅಂದುಕೊಳ್ತಾರೆ.

ಇದು ನನ್ನ ಗೊಣಗಾಟ ಮಾತ್ರ ಅಲ್ಲ. ಯೇಲ್ ವಿಶ್ವವಿದ್ಯಾಲಯದ ಬ್ರಯಾನ್ ಶಾಲ್ ಮತ್ತು ಸಂಗಡಿಗರು 2025ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಮಾತು; ಒಮ್ಮೆ ಸ್ವಚ್ಛ ದನಿಯಲ್ಲಿ, ಇನ್ನೊಮ್ಮೆ ಅಗ್ಗದ ಮೈಕಿನ ತಗಡು ದನಿಯಲ್ಲಿ. ಪದಗಳೆಲ್ಲ ಎರಡರಲ್ಲೂ ಅರ್ಥವಾಗುತ್ತಿದ್ದವು. ಆದರೂ ತಗಡು ದನಿಯವರನ್ನು ಕೇಳುಗರು ಕಡಿಮೆ ಬುದ್ಧಿಯವರು, ಕೆಲಸಕ್ಕೆ ಅಷ್ಟೇನೂ ಲಾಯಕ್ಕಿಲ್ಲದವರು ಅಂತ ಅಳೆದರು. ಸಣ್ಣ ಊರಿಂದ ಇಂಟರ್‌ವ್ಯೂ ಕೊಡೋ ಹುಡುಗ-ಹುಡುಗಿಯರಿಗೆ ಇದು ಎಷ್ಟು ದುಬಾರಿ, ಯೋಚಿಸಿ.

ಹಾಗಾದರೆ ಏನು ಮಾಡೋದು? ಕೇಳಿದವರೆಲ್ಲ 'ಒಳ್ಳೆ ಕಂಡೆನ್ಸರ್ ಮೈಕ್ ತಗೋ' ಅಂತಾರೆ. ನಾನಂತೂ ಒಪ್ಪಲ್ಲ. ನಮ್ಮ ಮನೆಗಳನ್ನೇ ನೋಡಿ: ಆರ್‌ಸಿಸಿ ಸೂರು, ಟೈಲ್ಸ್ ನೆಲ, ಬೋಳು ಗೋಡೆ. ಮಾತು ಎಲ್ಲ ಕಡೆ ಬಡಿದು ವಾಪಸ್ ಬರುತ್ತೆ. ಸೂಕ್ಷ್ಮವಾದ ಮೈಕನ್ನು ದೂರ ಇಟ್ಟರೆ ಆ ಪ್ರತಿಧ್ವನಿಯನ್ನೂ ಅಷ್ಟೇ ಚೆನ್ನಾಗಿ ಹಿಡಿಯುತ್ತೆ, ಅಷ್ಟೇ!

ಲೆಕ್ಕ ಸರಳ. ಬಾಯಿಂದ ಮೈಕಿನ ದೂರ ಎರಡು ಪಟ್ಟಾದರೆ ನೇರ ದನಿ ಸುಮಾರು 6 ಡೆಸಿಬಲ್ ಇಳಿಯುತ್ತೆ. ಪ್ರತಿಧ್ವನಿ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತೆ. 60 ಸೆಂ.ಮೀ. ದೂರದ ಮೈಕನ್ನು 15 ಸೆಂ.ಮೀ.ಗೆ ತಂದರೆ 12 ಡೆಸಿಬಲ್ ಲಾಭ. ಖರ್ಚು ಸೊನ್ನೆ :-) ಬಾಯಿಗೆ ನೇರವಾಗಿ ಬೇಡ, ಸ್ವಲ್ಪ ಓರೆಯಾಗಿಡಿ. ಇಲ್ಲದಿದ್ದರೆ ಪ, ಭ ಅಂದಾಗೆಲ್ಲ ಉಸಿರು ಬಡಿದು ಡಬ್ ಅನ್ನುತ್ತೆ.

ಆಮೇಲೆ ಕೋಣೆ. ಕೆಲವರು ಗೋಡೆಗೆ ಮೊಟ್ಟೆ ಟ್ರೇ ಅಂಟಿಸ್ತಾರೆ. ಆ ತೆಳು ರಟ್ಟು ದನಿಯನ್ನು ಹೀರೋದು ತೀರಾ ಕಡಿಮೆ. ದಪ್ಪ ಕಂಬಳಿ, ಕೌದಿ, ಹತ್ತಿ ಹಾಸಿಗೆ ಇವೇ ವಾಸಿ. ಅಜ್ಜಿ ಕಾಲದ ಕಂಬಳಿಯನ್ನು ಕುರ್ಚಿಯ ಹಿಂದೆ ನೇತುಹಾಕಿ, ನೆಲಕ್ಕೊಂದು ಜಮಖಾನ ಹಾಸಿ, ವ್ಯತ್ಯಾಸ ನೀವೇ ಕೇಳಿ.

ಜಗಳೂರಿನ ಏಪ್ರಿಲ್ ಬಿಸಿಲಲ್ಲಿ ಫ್ಯಾನ್ ಆರಿಸು ಅನ್ನೋಕೆ ನನಗೆ ಬಾಯಿ ಬರಲ್ಲ. ಟೇಬಲ್ ಫ್ಯಾನ್ ಇದ್ದರೆ ಮೈಕಿನ ಬೆನ್ನು ಅದರ ಕಡೆ ಇರಲಿ, ಗಾಳಿ ಮಾತ್ರ ಮೈಕಿಗೆ ಬಡಿಯದಿರಲಿ. ಕಾರ್ಡಿಯಾಯ್ಡ್ ಮೈಕ್ ಹಿಂದಿನ ಸದ್ದನ್ನು ಕಡಿಮೆ ಹಿಡಿಯುತ್ತೆ. ಅಡಿಕೆ ಸುಲಿಯೋ ಮೆಷಿನ್ ಸದ್ದಿಗೂ ಇದೇ ಉಪಾಯ: ಅದು ಬರೋ ಕಿಟಕಿಗೆ ಮೈಕ್ ಬೆನ್ನು ಹಾಕಲಿ.

ಇನ್ನು ಬ್ಲೂಟೂತ್. ಪಾಟಿಗೆ ಚೆನ್ನಾಗಿರೋ ಎಷ್ಟೋ ಹೆಡ್‌ಸೆಟ್‌ಗಳು ಮೈಕ್ ಆನ್ ಆದ ಕೂಡಲೇ ಹಳೇ ಫೋನಿನ ದನಿಗೆ ಇಳಿಯುತ್ತವೆ. 8 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್ ಅಂದರೆ 4 ಕಿಲೋಹರ್ಟ್ಸ್‌ಗಿಂತ ಮೇಲಿನದೆಲ್ಲ ಮಾಯ. 'ಸ'ಕಾರದ ಸಿಳ್ಳು ಬಹುಪಾಲು ಇರೋದೇ ಅಲ್ಲಿ. ತಂತಿ ಇರೋ ಇಯರ್‌ಫೋನೇ ಎಷ್ಟೋ ಮೇಲು.

ಇಷ್ಟೆಲ್ಲ ಮಾಡಿದ ಮೇಲೂ ಸಾಲದಿದ್ದರೆ ಆಗ ಮೈಕ್ ಕೊಳ್ಳಿ, ಬೇಡ ಅನ್ನಲ್ಲ.

ಕೊನೆಯ ಮಾತು ಆ ಕಡೆ ಕೂತವರಿಗೆ. ದನಿ ಕೆಟ್ಟದಾಗಿದ್ದರೆ ಮೊದಲು 'ಮೈಕ್ ಸ್ವಲ್ಪ ಹತ್ತಿರ ಇಟ್ಕೊಳ್ಳಿ' ಅಂತ ಹೇಳಿ, ಆಮೇಲೆ ಅಂಕ ಹಾಕಿ. ಕಂಬಳಿ ಕಟ್ಟೋ ಕೆಲಸ ನಮ್ಮದು, ನಿಜ. ಆದರೆ ಕೋಣೆಯ ಪ್ರತಿಧ್ವನಿಗೆ ಮನುಷ್ಯನ ಬುದ್ಧಿಯನ್ನು ಹೊಣೆ ಮಾಡಬೇಡಿ.

ಏನಂತೀರಿ?