ಅಂಕಪಟ್ಟಿಗಿಂತ ಒಂದು ಪ್ರಶ್ನೆ ಮೇಲು

ಹೊಸ ವರ್ಷ ಹುಟ್ಟುತ್ತಲೇ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ವಿದೇಶದ ಪ್ರಾಧ್ಯಾಪಕರಿಗೆ ಇ-ಮೇಲ್ ಬರೆಯಲು ಕೂರುತ್ತಾರೆ. ಎಲ್ಲ ಪತ್ರಗಳ ಒಕ್ಕಣೆಯೂ ಹೆಚ್ಚುಕಡಿಮೆ ಒಂದೇ: ತಮ್ಮ ಸಂಶೋಧನೆ ಬಹಳ ಹಿಡಿಸಿದೆ, ಬೇಸಿಗೆಯಲ್ಲಿ ತಮ್ಮ ಬಳಿ ಕೆಲಸ ಮಾಡಲು ಅವಕಾಶ ಕೊಡಿ. ಹಿಡಿಸಿದ್ದು ಯಾವ ಸಂಶೋಧನೆ ಎಂಬುದು ಮಾತ್ರ ಪತ್ರದಲ್ಲಿರುವುದಿಲ್ಲ. ನೂರು ಮಂದಿಗೆ ಕಳಿಸುವ ಪತ್ರದಲ್ಲಿ ಇರುವುದಾದರೂ ಹೇಗೆ? ಉತ್ತರ ಬಾರದಿದ್ದಾಗ, 'ಅಲ್ಲೆಲ್ಲ ಐಐಟಿಯವರಿಗೇ ಬೆಲೆ' ಎಂದು ಕೈಚೆಲ್ಲುವುದು ವಾಡಿಕೆ.

ತೊಡಕು ಎಲ್ಲಿದೆ ಎಂಬುದನ್ನು ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆ 1979ರಲ್ಲಿ ಆರಂಭಿಸಿದ 'ಸರ್ಫ್' ಎಂಬ ಬೇಸಿಗೆ ಸಂಶೋಧನಾ ಯೋಜನೆ ಚೆನ್ನಾಗಿ ತೋರಿಸುತ್ತದೆ. ಪದವಿ ತರಗತಿಯವರಿಗೆಂದೇ ಇರುವ ಇದಕ್ಕೆ ಹೊರದೇಶದವರೂ ಅರ್ಜಿ ಹಾಕಬಹುದು. ಅವಧಿ 10 ವಾರ, ವಿದ್ಯಾರ್ಥಿವೇತನ ಉಂಟು. ಆದರೆ ಅಂಕಪಟ್ಟಿ ಲಗತ್ತಿಸಿ ಕಾಯುತ್ತ ಕೂತರೆ ಸಾಲದು. ಮೊದಲು ಒಬ್ಬ ಮಾರ್ಗದರ್ಶಕರನ್ನು ಹುಡುಕಿ ಒಪ್ಪಿಸಬೇಕು. ಅವರೊಡನೆ ಚರ್ಚಿಸಿ ಪ್ರಸ್ತಾವನೆ ಬರೆಯಬೇಕು: ಪ್ರಶ್ನೆ ಏನು, ಈಗಾಗಲೇ ಆಗಿರುವ ಕೆಲಸ ಯಾವುದು, ತಾನು ಹಿಡಿಯುವ ದಾರಿ ಯಾವುದು. ಸಂಶೋಧಕರು ಅನುದಾನ ಕೇಳುವ ಕ್ರಮವೇ ಇದು. ಕೊನೆಗೆ ಪ್ರಬಂಧ ಒಪ್ಪಿಸಿ, ಸಭೆಯ ಮುಂದೆ ನಿಂತು ವಿವರಿಸಬೇಕು.

ಬೇರೆ ಬಾಗಿಲುಗಳೂ ಇವೆ. ಕೆನಡಾದ ಮೈಟ್ಯಾಕ್ಸ್ ಸಂಸ್ಥೆಯ 12 ವಾರಗಳ ಯೋಜನೆಯಲ್ಲಿ ಅಲ್ಲಿನ ಪ್ರಾಧ್ಯಾಪಕರು ಮುಂದಿಟ್ಟ ವಿಷಯಗಳಿಂದ ಆರಿಸಿಕೊಳ್ಳಬೇಕು. ಜಿನೀವಾದ ಸರ್ನ್ ಪ್ರಯೋಗಾಲಯವಂತೂ 1962ರಿಂದಲೇ ಬೇಸಿಗೆ ವಿದ್ಯಾರ್ಥಿಗಳನ್ನು ಕರೆಸಿಕೊಳ್ಳುತ್ತಿದೆ.

ಆಯ್ಕೆಯಾದ ಮೇಲೆ ನಿಜವಾದ ಪರೀಕ್ಷೆ. ನಮ್ಮ ಕಾಲೇಜು ಪ್ರಯೋಗಾಲಯಗಳಲ್ಲಿ ಉತ್ತರ ಮೊದಲೇ ಗೊತ್ತು. ರೀಡಿಂಗ್ ಸರಿಬಾರದಿದ್ದರೆ ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ನೋಡಿ ಹೊಂದಿಸಿಕೊಂಡರಾಯಿತು. ಅಲ್ಲಿ ಉತ್ತರ ಮಾರ್ಗದರ್ಶಕರಿಗೂ ಗೊತ್ತಿರುವುದಿಲ್ಲ. ಉಪಕರಣ ಕೈಗೆ ಒಗ್ಗುವಷ್ಟರಲ್ಲಿ ಕೆಲವು ವಾರ ಕಳೆದಿರುತ್ತವೆ. ಪ್ರಯೋಗ ಕೆಡುವುದೂ ಉಂಟು. ಕೆಟ್ಟದ್ದೇಕೆ ಎಂದು ಪ್ರಾಮಾಣಿಕವಾಗಿ ಬರೆದರೆ ಅದೂ ಕೆಲಸವೇ. ಹೊಂದಿಸಿ ಬರೆದರೆ ಮಾತ್ರ ಕ್ಷಮೆಯಿಲ್ಲ. ಹದಿನಾರು ವರ್ಷ ಓದಿಯೂ ಕಲಿಯದ ಈ ಪಾಠವನ್ನು ಹತ್ತು ವಾರ ಕಲಿಸುತ್ತದೆ.

ಸತೀಶ್ ಧವನ್ 1951ರಲ್ಲಿ ಡಾಕ್ಟರೇಟ್ ಪಡೆದದ್ದು ಇದೇ ಕ್ಯಾಲ್‌ಟೆಕ್‌ನಲ್ಲಿ. ವೇಗವಾಗಿ ಬೀಸುವ ಗಾಳಿ ಮೇಲ್ಮೈಯನ್ನು ಎಷ್ಟು ಉಜ್ಜುತ್ತದೆ ಎಂಬುದನ್ನು ಅವರು ನೇರವಾಗಿ ಅಳೆದರು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಶಬ್ದಕ್ಕಿಂತ ವೇಗವಾಗಿ ಗಾಳಿ ಹರಿಸುವ ಸುರಂಗವನ್ನು ಇಲ್ಲಿಯೇ ಕಟ್ಟಿಸಿದರು. ಅವರು ಜೊತೆಗೆ ತಂದದ್ದು ಪದವಿಯನ್ನಷ್ಟೇ ಅಲ್ಲ, ತಾನೇ ಮಾಡಿ ನೋಡುವ ಅಭ್ಯಾಸವನ್ನೂ.

ಆ ಅಭ್ಯಾಸಕ್ಕೆ ವಿಮಾನ ಹತ್ತಲೇಬೇಕೆಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇತರ ಎರಡು ಅಕಾಡೆಮಿಗಳೊಡನೆ ನಡೆಸುವ ಎರಡು ತಿಂಗಳ ಬೇಸಿಗೆ ಫೆಲೋಷಿಪ್ ನಮ್ಮ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಉಂಟು.

ಎಲ್ಲಿಗೇ ಬರೆಯುವುದಿರಲಿ, ನೂರು ಪತ್ರ ಬೇಡ. ಒಬ್ಬ ಪ್ರಾಧ್ಯಾಪಕರ ಒಂದು ಪ್ರಬಂಧವನ್ನು ಪೂರ್ತಿ ಓದಿ, ಅರ್ಥವಾಗದ ಒಂದು ಜಾಗವನ್ನು ಹಿಡಿದು ಕೇಳಿದರೆ ಸಾಕು. ಅಂಥ ಪತ್ರಕ್ಕೆ ಹದಿನೈದು ದಿನ ಹಿಡಿಯಬಹುದು. ಆದ್ದರಿಂದ ಬೇಸಿಗೆಯ ತಯಾರಿ ದಸರಾ ರಜೆಯಲ್ಲೇ ಆರಂಭವಾಗಲಿ.